ಕಾರ್ಡು ಗಂಡನದು, ಹೆಂಡತಿಯ ಹೆತ್ತವರು ಯಾರ ಪಾಲು?

ಸರ್ಕಾರದ ಮುಖ್ಯ ಕಾರ್ಯದರ್ಶಿಗಳಿಗೆ,



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಆಗಿರುವ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸರ್ಕಾರಿ ಸಂಬಳದಲ್ಲಿರುವ ಮನೆಗಳಿಗೆ ಬರವಿಲ್ಲ. ಆಕೆ ಪಾವಗಡದ ಗಡಿಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ, ಆತ ಶಿರಾದ ಪಿಯು ಕಾಲೇಜಿನಲ್ಲಿ. ಇಬ್ಬರ ಸಂಬಳದ ಬಿಲ್ಲು ಬೇರೆ ಬೇರೆ ಕಚೇರಿಯಲ್ಲಿ. ಈ ಪತ್ರ ಅಂಥವರ ಪರವಾಗಿ.

2025ರ ಅಕ್ಟೋಬರ್ 1ರಿಂದ ಸರ್ಕಾರಿ ನೌಕರರಿಗೆ ನಗದುರಹಿತ ಚಿಕಿತ್ಸೆ ಕೊಡುವ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಜಾರಿಗೆ ಬಂದದ್ದು ದೊಡ್ಡ ಸಮಾಧಾನ. 1963ರ ವೈದ್ಯಕೀಯ ಹಾಜರಾತಿ ನಿಯಮಗಳನ್ನು ನಂಬಿ, ಮೊದಲು ಕೈಸಾಲ ಮಾಡಿ ಬಿಲ್ ಕಟ್ಟಿ, ಆಮೇಲೆ ಮರುಪಾವತಿಗೆ ಮೇಜಿಂದ ಮೇಜಿಗೆ ಅಲೆದವರಿಗೆ ಅದರ ಬೆಲೆ ಗೊತ್ತು. ಇದಕ್ಕೂ ಮೊದಲು ಜ್ಯೋತಿ ಸಂಜೀವಿನಿ ಯೋಜನೆ ಇತ್ತು, ನಿಜ. ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳಾಚೆಗೆ ಅದು ಕೈ ಚಾಚುತ್ತಿರಲಿಲ್ಲ. ಈಗ ತಿಂಗಳ ವಂತಿಕೆ ಗ್ರೂಪ್ ‘ಎ’ಗೆ 1000 ರೂಪಾಯಿ, ‘ಬಿ’ಗೆ 500, ‘ಸಿ’ಗೆ 350, ‘ಡಿ’ಗೆ 250. ದಂಪತಿ ಇಬ್ಬರೂ ರಾಜ್ಯ ಸರ್ಕಾರಿ ನೌಕರರಾದರೆ ಒಬ್ಬರು ಕಟ್ಟಿದರೆ ಸಾಕು.

ತೊಡಕು ಇರುವುದು ಈ ರಿಯಾಯಿತಿಯಲ್ಲೇ. ಉಪನ್ಯಾಸಕ ಗಂಡ ಕಟ್ಟಿದರೆ 500, ಶಿಕ್ಷಕಿ ಹೆಂಡತಿ ಕಟ್ಟಿದರೆ 350. ಲೆಕ್ಕಕ್ಕೆ ಆಕೆ ಕಟ್ಟುವುದೇ ಅಗ್ಗ. ಆದರೆ ನಮ್ಮ ಕಡೆ ರೇಷನ್ ಕಾರ್ಡೊಂದನ್ನು ಬಿಟ್ಟರೆ ಮಿಕ್ಕ ಕಾಗದಗಳಿಗೆಲ್ಲ ಗಂಡಸೇ ಯಜಮಾನ. ಹಾಗಾಗಿ ಯೋಜನೆಯ ಕಾರ್ಡು ಆತನದಾಯಿತು; ಆತನ ತಂದೆತಾಯಿ ಸಲೀಸಾಗಿ ಒಳಗೆ ಬಂದರು. ಆಕೆಯ ಹೆತ್ತವರು? ಫ್ಲೋರೈಡ್ ನೀರು ಕುಡಿದು ಮಂಡಿ ಹಿಡಿದು ಕೂತ ಪಾವಗಡದ ಮುದುಕರಿಗೆ ಮಗಳೊಬ್ಬಳೇ ದಿಕ್ಕಾಗಿದ್ದರೆ? ಆಕೆ ಯಾರದೋ ಸೊಸೆಯಾಗಿ ಈ ಯೋಜನೆಗೆ ಬಂದವಳಲ್ಲ, ನೇಮಕಾತಿ ಆದೇಶ ಹಿಡಿದು ಬಂದವಳು. ದಂಪತಿಯಲ್ಲಿ ಯಾರೇ ಕಟ್ಟಲಿ, ಇಬ್ಬರ ಅವಲಂಬಿತ ತಂದೆತಾಯಿಗೂ ಚಿಕಿತ್ಸೆ ಉಂಟು ಎಂದು ಕಚೇರಿ ಗುಮಾಸ್ತನಿಗೂ ಅನುಮಾನ ಉಳಿಯದ ಹಾಗೆ ಒಂದು ಸುತ್ತೋಲೆ ಹೊರಡಿಸಿ. ಬೇಕಾದರೆ ಆಕೆಯ ಸಂಬಳದಿಂದಲೂ 350 ಹಿಡಿಯಿರಿ. ಹೆತ್ತವರಿಗಾಗಿ ಅಷ್ಟು ಕೊಡಲು ಒಲ್ಲೆ ಎನ್ನುವ ಮಗಳನ್ನು ನಾನಂತೂ ಕಂಡಿಲ್ಲ.

ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆ ದುಡಿಯುವ ಹೆಣ್ಣಿನ ಅವಲಂಬಿತ ಅತ್ತೆ ಮಾವಂದಿರನ್ನೂ ಆಕೆಯ ಕುಟುಂಬದೊಳಗೆ ಎಣಿಸಿದೆ, ಆದಾಯದ ಮಿತಿಯೊಂದನ್ನು ಇಟ್ಟು. ಕೊರಟಗೆರೆ ಕಡೆಯಿಂದ ವಸಂತನರಸಾಪುರದ ಕಾರ್ಖಾನೆಗೆ ಬಸ್ಸು ಹತ್ತುವ ಇಎಸ್ಐ ಕಾರ್ಮಿಕ ಮಹಿಳೆಯ ವಿಷಯದಲ್ಲಿ ಕಾನೂನು ಇಷ್ಟು ಯೋಚಿಸಿರುವಾಗ, ಶಿಕ್ಷಕಿಯ ವಿಷಯದಲ್ಲಿ ಯೋಚಿಸುವುದು ಕಷ್ಟವಾಗಬಾರದು.

ಇನ್ನೊಂದು. ಗಂಡ ವಯಸ್ಸಿನಲ್ಲಿ ಹಿರಿಯ, ಮೊದಲು ನಿವೃತ್ತನಾಗುತ್ತಾನೆ. ಅಂದಿಗೆ ಆತನ ಕಡಿತ ನಿಲ್ಲುತ್ತದೆ. ಆಕೆಯ ಸಂಬಳದಲ್ಲಿ ಕಡಿತ ಶುರುವಾಗಬೇಕೆಂದು ಪಾವಗಡದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೇಳುವವರು ಯಾರು? ಸಂಬಳದ ಬಿಲ್ಲು ಮಾಡುವ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಇಬ್ಬರ ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ಸಂಖ್ಯೆಗಳನ್ನು ಒಂದಕ್ಕೊಂದು ಜೋಡಿಸಿಟ್ಟರೆ ಒಬ್ಬರದು ನಿಂತ ತಿಂಗಳೇ ಇನ್ನೊಬ್ಬರದು ತಾನಾಗಿ ಶುರುವಾಗುತ್ತದೆ. ಗಂಡ ತೀರಿಕೊಂಡ ಮನೆಗೂ ಇದೇ ಏರ್ಪಾಡು ಬೇಕು.

ಮೇಲೆ ಕೇಳಿದ ಆ ಸುತ್ತೋಲೆ ನಾಲ್ಕೂ ತಾಲ್ಲೂಕಿನ ಬಿಇಒ ಕಚೇರಿಗಳಿಗೆ ಕನ್ನಡದಲ್ಲಿ ಬರಲಿ.

ಇತಿ,
ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಒಬ್ಬ ಶಿಕ್ಷಕ