ಮಾದಪ್ಪನಹಳ್ಳಿಯ ನೀಲಗಿರಿ

ಯಲಹಂಕ ಹೋಬಳಿಯ ಮಾದಪ್ಪನಹಳ್ಳಿಯಲ್ಲಿ ನೀಲಗಿರಿ ತೋಪಾಗಿದ್ದ 153 ಎಕರೆ ಅರಣ್ಯಭೂಮಿಯನ್ನು ಜೀವವೈವಿಧ್ಯ ಉದ್ಯಾನವಾಗಿ ಪರಿವರ್ತಿಸಲು ರಾಜ್ಯ ಸರ್ಕಾರವು 2025ರಲ್ಲಿ ಕೈಗೊಂಡ ನಿರ್ಧಾರವು ಸ್ವಾಗತಾರ್ಹವಾದುದು. ಮರವು ಪತ್ರರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡನ್ನು ಸ್ವೀಕರಿಸುವಾಗಲೆಲ್ಲ, ಬೇರಿನಿಂದ ಎತ್ತಿದ ನೀರನ್ನು ಅದಕ್ಕೆ ಪ್ರತಿಯಾಗಿ ಆವಿಯ ರೂಪದಲ್ಲಿ ತೆರಬೇಕಾಗುವುದು. ಶೀಘ್ರವಾಗಿ ಬೆಳೆಯುವ ನೀಲಗಿರಿಯ ಈ ವಿನಿಮಯವು ಬಯಲುಸೀಮೆಯ ಅಂತರ್ಜಲಕ್ಕೆ ಭಾರವೆಂದು ಬಗೆದೇ 2017ರಲ್ಲಿ ಅದರ ನೆಡುವಿಕೆಯನ್ನು ನಿಷೇಧಿಸಲಾಯಿತು.

ಆದರೆ ನೀಲಗಿರಿಯನ್ನು ತೆಗೆಯುವಾಗ ಮರೆಯಕೂಡದ ಸಂಗತಿಯೊಂದಿದೆ: ವನದ ಇಂಗಾಲವೆಲ್ಲವೂ ಕಾಂಡದಲ್ಲಿಯೇ ಇರುವುದಿಲ್ಲ. ತರಗೆಲೆ, ಬೇರು, ಶಿಲೀಂಧ್ರಗಳ ದೆಸೆಯಿಂದ ದಶಕಗಳ ಕಾಲ ಮಣ್ಣಿನಲ್ಲಿ ಸಂಚಿತವಾದುದು, ಯಂತ್ರಗಳಿಂದ ನೆಲವನ್ನು ಒಮ್ಮೆಗೇ ಬುಡಮೇಲು ಮಾಡಿದಲ್ಲಿ, ಗಣನೀಯ ಪ್ರಮಾಣದಲ್ಲಿ ಮರಳಿ ವಾಯುವನ್ನೇ ಸೇರುವುದು. ಬಿಸಿಲಿಗೆ ಬಿದ್ದು ಗಟ್ಟಿಯಾದ ಮಣ್ಣಾದರೋ ಮಳೆಯನ್ನು ಇಂಗಿಸಿಕೊಳ್ಳದೆ ಹರಿಯಬಿಡುವುದು. ಆದುದರಿಂದ ನೀಲಗಿರಿಯನ್ನು ಹಂತಹಂತವಾಗಿ ತೆಗೆದು, ತೆರವಾದೆಡೆಯಲ್ಲಿ ಹೊಂಗೆ, ನೇರಳೆ, ಮತ್ತಿಯಂತಹ ದೇಶೀಯ ವೃಕ್ಷಗಳು ಬೇರೂರಿದ ತರುವಾಯವೇ ಮುಂದುವರಿಯಬೇಕೆಂದೂ, ಉದ್ಯಾನದ ನೆಪದಲ್ಲಿ ಕಾಂಕ್ರೀಟಿಗೆ ಎಡೆಗೊಡಕೂಡದೆಂದೂ ನಾವು ಒತ್ತಾಯಿಸುತ್ತೇವೆ. ಯಲಹಂಕದ ನೆರೆಯಲ್ಲಿಯೇ ಇರುವ ಕೃಷಿ ವಿಶ್ವವಿದ್ಯಾನಿಲಯದ ಮಣ್ಣುವಿಜ್ಞಾನಿಗಳಿಗೆ, ಈ ಭೂಮಿಯ ಇಂಗಾಲವನ್ನೂ ತೇವಾಂಶವನ್ನೂ ಕಾಮಗಾರಿಗೆ ಮೊದಲೂ ಅನಂತರವೂ ಅಳೆದು ಪ್ರಕಟಿಸುವ ಹೊಣೆಯನ್ನು ಸರ್ಕಾರವು ವಹಿಸತಕ್ಕದ್ದು.