ಕಡಲ ದಾರಿ, ದ್ರಾಕ್ಷಿಯ ಕಣಿವೆ

ವಿದೇಶಪ್ರವಾಸದ ಲೇಖನಗಳು ಈಚಿನ ವರ್ಷಗಳಲ್ಲಿ ನಮ್ಮ ಸಾಪ್ತಾಹಿಕ ಪುರವಣಿಗಳಿಗೆ ಹೇರಳವಾಗಿ ಬರುತ್ತಿವೆ. ಅವುಗಳಲ್ಲಿ ಅಮೆರಿಕದ ಪಶ್ಚಿಮ ತೀರದ, ಅದರಲ್ಲಿಯೂ ಕ್ಯಾಲಿಫೋರ್ನಿಯದ ಪಾಲು ದೊಡ್ಡದು. ಇದರಲ್ಲಿ ಆಶ್ಚರ್ಯಪಡಬೇಕಾದುದೇನೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಣ ಊರುಗಳಲ್ಲಿ ಕನ್ನಡಿಗರು ಬಹು ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಅಲ್ಲಿಯ ಕನ್ನಡಕೂಟಕ್ಕೆ ಹಲವು ದಶಕಗಳ ಬಾಳು ಉಂಟು. ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋದ ತಂದೆತಾಯಿಗಳನ್ನು ವಾರದ ಕೊನೆಯಲ್ಲಿ ಮೋಟಾರಿನಲ್ಲಿ ಕೂರಿಸಿಕೊಂಡು, ಒಂದು ವಾರ ಪೆಸಿಫಿಕ್ ಸಾಗರದ ಅಂಚಿನ ಹೆದ್ದಾರಿಗೂ ಮರುವಾರ ನಾಪಾ ಕಣಿವೆಯ ದ್ರಾಕ್ಷಿತೋಟಗಳಿಗೂ ಕರೆದೊಯ್ಯುವುದು ಈಗ ಸತ್ಯನಾರಾಯಣವ್ರತದಷ್ಟೇ ತಪ್ಪದೆ ನಡೆಯುವ ಸಂಪ್ರದಾಯವಾಗಿದೆ. ಹಿಂದಿರುಗಿದವರು ಕಂಡುದನ್ನು ಬರೆಯುತ್ತಾರೆ. ಬರೆಯಲಿ. ಬರೆಯದೆ ಇರುವುದಕ್ಕಿಂತ ಬರೆಯುವುದು ಒಳ್ಳೆಯದು.

ಆದರೆ ಈ ಬರೆಹಗಳನ್ನು ಒಂದರ ಮೇಲೊಂದು ಓದಿದಾಗ ಒಂದು ಕೊರತೆ ಕಣ್ಣಿಗೆ ಬೀಳದೆ ಇರದು. ಅದನ್ನು ಹೇಳುವ ಮೊದಲು ಈ ಲೇಖಕ ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಆ ದಾರಿಯಲ್ಲಿ ನಾಲ್ಕು ದಿನ ಪ್ರಯಾಣ ಮಾಡಿ ಬಂದು ನಾನೂ ಒಂದು ಲೇಖನ ಬರೆದೆ. ಅದನ್ನು ತರಗತಿಯಲ್ಲಿ ಗದ್ಯರಚನೆಯ ಮಾದರಿಯೆಂಬಂತೆ ಓದಿಹೇಳುವ ಉತ್ಸಾಹವನ್ನೂ ತೋರಿದೆ. ಓದು ಮುಗಿದ ಮೇಲೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಅಲ್ಲಿ ಮನುಷ್ಯರು ಇಲ್ಲವೆ?" ಎಂದು ಕೇಳಿದಳು. ಅವಳ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಮನೆಗೆ ಬಂದು ಲೇಖನವನ್ನು ಮತ್ತೆ ತೆಗೆದು ನೋಡಿದೆ. 'ಮನೋಹರ' ಎಂಬ ಮಾತು ಒಂಬತ್ತು ಸಲ ಬಂದಿತ್ತು. ಒಬ್ಬ ಕೆಲಸಗಾರನ ಮಾತು ಒಂದು ಸಲವೂ ಬಂದಿರಲಿಲ್ಲ.

ಕಾರ್ಮೆಲ್ ಊರಿನಿಂದ ಸ್ಯಾನ್ ಸಿಮಿಯನ್ನಿನ ಕಡೆಗೆ ದಕ್ಷಿಣಕ್ಕೆ ಸಾಗುವ ಒಂದನೆಯ ಸಂಖ್ಯೆಯ ರಾಜ್ಯ ಹೆದ್ದಾರಿ ಜಗತ್ತಿನ ಸುಂದರ ದಾರಿಗಳಲ್ಲಿ ಒಂದು ಎಂಬುದರಲ್ಲಿ ಸಂದೇಹವಿಲ್ಲ. ಸ್ಯಾಂಟಾ ಲೂಸಿಯಾ ಪರ್ವತಶ್ರೇಣಿ ಅಲ್ಲಿ ನಡುವೆ ಬಯಲೆಂಬುದನ್ನೇ ಬಿಡದೆ ನೇರವಾಗಿ ಕಡಲಿಗೆ ಇಳಿಯುತ್ತದೆ. ನಮ್ಮ ಸಹ್ಯಾದ್ರಿಗೂ ಅರಬ್ಬಿಯ ಕಡಲಿಗೂ ನಡುವೆ ತೆಂಗು ಬಾಳೆಗಳಿಗೆ, ಗದ್ದೆಗಳಿಗೆ, ಊರುಕೇರಿಗಳಿಗೆ ಸ್ಥಳವುಂಟು. ಅಲ್ಲಿ ಬೆಟ್ಟದ ಪಾದವನ್ನು ತೆರೆ ಬಂದು ಹೊಡೆಯುತ್ತದೆ. ಇಂಥ ಕಡೆ ದಾರಿಯೊಂದು ಇರಬೇಕೆಂದು ಮೊದಲು ಹಟ ಹಿಡಿದವನು ವಿಹಾರಪ್ರಿಯನಲ್ಲ, ಒಬ್ಬ ವೈದ್ಯ. 1894ರಲ್ಲಿ ಪಾಯಿಂಟ್ ಸುರ್ ಎಂಬಲ್ಲಿ ಹಡಗೊಂದು ಒಡೆದಾಗ ಮಾಂಟೆರೆಯ ವೈದ್ಯ ಜಾನ್ ರಾಬರ್ಟ್ಸ್ ಕುದುರೆಗಾಡಿಯಲ್ಲಿ ಬೆಟ್ಟದ ಕೊರಕಲು ಜಾಡು ಹಿಡಿದು ಗಾಯಾಳುಗಳ ಬಳಿಗೆ ಹೋಗಬೇಕಾಯಿತು. ಆ ಕಷ್ಟವನ್ನು ಆತ ಮರೆಯಲಿಲ್ಲ. 1897ರಲ್ಲಿ ಆ ತೀರವನ್ನು ಕಾಲ್ನಡಿಗೆಯಲ್ಲಿಯೇ ಅಳೆದು, ಚಿತ್ರಗಳನ್ನು ತೆಗೆದು, ಇಲ್ಲಿ ದಾರಿ ಸಾಧ್ಯವೆಂದು ವಾದಿಸುತ್ತ ಬಂದ. ಸರಕಾರದ ಹಣ ಒದಗಿ ಕೆಲಸ ಮೊದಲಾಗುವ ವೇಳೆಗೆ ಎರಡು ದಶಕಗಳೇ ಸಂದಿದ್ದವು.

ಕೆಲಸವನ್ನು ಮಾಡಿದವರು ಯಾರು? ಗುತ್ತಿಗೆಯ ಆಳುಗಳೊಂದಿಗೆ, ಸ್ಯಾನ್ ಕ್ವೆಂಟಿನ್ ಸೆರೆಮನೆಯ ಕೈದಿಗಳು. ದಾರಿಯ ಮಗ್ಗುಲಲ್ಲಿ ಅವರಿಗಾಗಿ ಬಿಡಾರಗಳನ್ನು ಕಟ್ಟಿದ್ದರು. ದಿನಕ್ಕೆ 35 ಸೆಂಟುಗಳ ಕೂಲಿ, ಅದರೊಡನೆ ಶಿಕ್ಷೆಯ ಅವಧಿಯಲ್ಲಿ ಒಂದಿಷ್ಟು ಕಡಿತ. ಇಷ್ಟಕ್ಕೆ ಅವರು ಬಂಡೆಗೆ ಮದ್ದಿಟ್ಟು ಸಿಡಿಸಿದರು, ಸಿಡಿದ ಕಲ್ಲನ್ನು ಕಡಲಿಗೆ ತಳ್ಳಿದರು. ಹದಿನೆಂಟು ವರ್ಷಗಳಷ್ಟು ಕಾಲ ಹಿಡಿದು 1937ರಲ್ಲಿ ದಾರಿ ತೆರೆಯಿತು. ಇಂದು ಎಲ್ಲರೂ ನಿಂತು ಪಟ ತೆಗೆಸಿಕೊಳ್ಳುವ ಬಿಕ್ಸ್‌ಬಿ ಸೇತುವೆ 1932ರದು. ತೊರೆಯ ಪಾತಳಿಯಿಂದ ಸುಮಾರು 80 ಮೀಟರ್ ಎತ್ತರದಲ್ಲಿ ಕಾಂಕ್ರೀಟಿನ ಒಂದೇ ಕಮಾನು ಎರಡು ಬೆಟ್ಟಗಳನ್ನು ಹಿಡಿದು ನಿಂತಿದೆ. ನಾನೂ ಅಲ್ಲಿ ನಿಂತೆ. ಗಾಳಿಗೆ ಮಫ್ಲರನ್ನು ಹಿಡಿದುಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಕೈದಿಯ ನೆನಪು ಎಲ್ಲಿಂದ ಬರಬೇಕು?

ದಾರಿ ಬರುವುದನ್ನು ಸಿಟ್ಟಿನಿಂದ ನೋಡಿದ ಕವಿಯೊಬ್ಬ ಅಲ್ಲಿಯೇ ಇದ್ದ. ರಾಬಿನ್ಸನ್ ಜೆಫರ್ಸ್ 1914ರಲ್ಲಿ ಕಾರ್ಮೆಲ್ಲಿಗೆ ಬಂದು ನೆಲೆಸಿದವನು. 1962ರಲ್ಲಿ ಅಲ್ಲಿಯೇ ತೀರಿಕೊಂಡ. ಮನೆ ಕಟ್ಟುವಾಗ ಗಾರೆಯವರ ಬಳಿ ಆಳಾಗಿ ದುಡಿದು ಕಲ್ಲುಕೆಲಸ ಕಲಿತು, ಆಮೇಲೆ ಕಡಲ ದಂಡೆಯ ಗುಂಡುಗಳನ್ನು ಉರುಳಿಸಿ ತಂದು ಗೋಪುರವೊಂದನ್ನು ತನ್ನ ಕೈಯಾರೆ ಎಬ್ಬಿಸಿದ. ಈ ಕರಾವಳಿಯ ದಾರಿಯನ್ನು ಕುರಿತೇ ಅವನ ಕವಿತೆಯೊಂದು ಉಂಟು. ಬೆಟ್ಟದ ನೆತ್ತಿಯ ಮೇಲೆ ಕುದುರೆಯನ್ನು ನಿಲ್ಲಿಸಿದ ಸವಾರನೊಬ್ಬ ಕೆಳಗೆ ಸೇತುವೆ ಕಟ್ಟುವವರನ್ನು ನೋಡಿ ಮುಷ್ಟಿ ಬೀಸುತ್ತಾನೆ. ಈ ಕೋಪದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ದಾರಿಯ ಹಿಂದೆಯೇ ಹೋಟೆಲು ಬರುತ್ತದೆ, ಅಂಗಡಿ ಬರುತ್ತದೆ, ಕಸ ಬರುತ್ತದೆ. ಆದರೂ ಜೆಫರ್ಸನ ಪಕ್ಷವನ್ನು ಪೂರ್ತಿಯಾಗಿ ವಹಿಸಲು ನನಗೆ ಮನಸ್ಸು ಬಾರದು. ಗಾಯಾಳುವಿನ ಬಳಿಗೆ ಹೊರಟ ವೈದ್ಯನ ಗಾಡಿ ಅಡ್ಡ ಬರುತ್ತದೆ. ಮತ್ತೆ, ಎರಡು ಮಂಡಿಗಳೂ ಸೋತ ನನ್ನ ತಾಯಿ ಆ ಕಡಲನ್ನು ನೋಡಿದ್ದು ಮೋಟಾರಿನ ಕಿಟಕಿಯಿಂದ. ಆ ಕಿಟಕಿ ಇಲ್ಲದಿದ್ದರೆ ಅವರಿಗೆ ಆ ಕಡಲೂ ಇರುತ್ತಿರಲಿಲ್ಲ. ಮೋಟಾರನ್ನು ಜರೆಯುವುದು ಗಟ್ಟಿ ಕಾಲುಳ್ಳವರಿಗೆ ಸುಲಭ.

ಬೆಟ್ಟ ಮಾತ್ರ ಈ ದಾರಿಯನ್ನು ಇಂದಿಗೂ ಒಪ್ಪಿಕೊಂಡಿಲ್ಲ. 2017ರ ಮಳೆಗಾಲದಲ್ಲಿ ಒಂದು ಸೇತುವೆ ಬಿರುಕುಬಿಟ್ಟು ಅದನ್ನು ಕೆಡವಿ ಹೊಸದನ್ನು ಕಟ್ಟಬೇಕಾಯಿತು. ಅದೇ ವರ್ಷ ಮೇ ತಿಂಗಳಿನಲ್ಲಿ ಮಡ್ ಕ್ರೀಕ್ ಎಂಬಲ್ಲಿ ಬೆಟ್ಟದ ಮಗ್ಗುಲೇ ಜಾರಿ, ಸುಮಾರು ನಾನೂರು ಮೀಟರ್ ಉದ್ದದ ರಸ್ತೆಯನ್ನು ಹೂತು, ಕಡಲಿನೊಳಗೆ ಹೊಸ ನೆಲವನ್ನೇ ಚಾಚಿತು. ಅದನ್ನು ಸರಿಪಡಿಸಿ ದಾರಿ ತೆರೆದುದು 2018ರ ಜುಲೈಯಲ್ಲಿ. ತಗಲಿದ ವೆಚ್ಚ ಐದು ಕೋಟಿ ಡಾಲರಿಗೂ ಮಿಕ್ಕಿತ್ತು. 2021ರ ಜನವರಿಯಲ್ಲಿ ಇನ್ನೊಂದೆಡೆ ರಸ್ತೆಯ ತುಂಡೊಂದು ನೀರಿನೊಡನೆ ಹೊರಟೇಹೋಯಿತು. 2023 ಮತ್ತು 2024ರ ಕುಸಿತಗಳು ನಡುಭಾಗವನ್ನು ಬಹುಕಾಲ ಮುಚ್ಚಿಸಿಬಿಟ್ಟವು. ಪ್ರತಿಸಲವೂ ಕಟ್ಟುತ್ತಾರೆ. ಕಟ್ಟುವುದೇ ಸರಿಯೋ, ಬೆಟ್ಟಕ್ಕೆ ಬಿಟ್ಟುಕೊಡುವುದು ಸರಿಯೋ ಎಂಬ ಪ್ರಶ್ನೆ ಅಲ್ಲಿಯೂ ಏಳುತ್ತದೆ. ದಾರಿಯನ್ನೇ ನಂಬಿದ ಮನೆಗಳೂ ಹೋಟೆಲಿನ ಕೆಲಸಗಾರರೂ ಇರುವಾಗ ಅದಕ್ಕೆ ಸುಲಭದ ಉತ್ತರವಿಲ್ಲ.

ಇದನ್ನು ಓದುವ ಕನ್ನಡಿಗನಿಗೆ 2024ರ ಜುಲೈ 16ರ ಬೆಳಗು ನೆನಪಾಗದೆ ಇರದು. ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಜರಿದು, ದಾರಿಬದಿಯ ಚಹಾದಂಗಡಿಯೂ ಅದರ ಮನೆಮಂದಿಯೂ ಗಂಗಾವಳಿಯ ಪಾಲಾದರು. ಆ ಅಂಗಡಿಯಲ್ಲಿ ಚಹಾ ಕುಡಿದು ಮುಂದೆ ಸಾಗಿದ್ದ ಪ್ರವಾಸಿಗಳೆಷ್ಟೋ ಮಂದಿ. ಅವರ ಪ್ರವಾಸಕಥನದಲ್ಲಿ ಅಘನಾಶಿನಿ ಉಂಟು, ಗೋಕರ್ಣ ಉಂಟು. ಆ ಅಂಗಡಿ ಇದ್ದೀತೆ?

ಇನ್ನು ದ್ರಾಕ್ಷಿಯ ಕಣಿವೆ. ನಮ್ಮ ಲೇಖಕರು ಕಡಲನ್ನೂ ಕಣಿವೆಯನ್ನೂ ಎರಡು ಬೇರೆ ಬೇರೆ ವಾರಗಳ ಸಂಗತಿಗಳೆಂದು ಭಾವಿಸಿ ಎರಡು ಕಂತುಗಳಲ್ಲಿ ಬರೆಯುತ್ತಾರೆ. ನಿಜದಲ್ಲಿ ಅವೆರಡೂ ಒಂದೇ ಸಂಗತಿ. ಆ ತೀರದುದ್ದಕ್ಕೂ ಉತ್ತರದಿಂದ ತಣ್ಣನೆಯ ಪ್ರವಾಹ ಹರಿಯುತ್ತದೆ. ಅದರ ಮೇಲಣ ತೇವದ ಗಾಳಿ ಬೇಸಗೆಯಲ್ಲಿ ಮಂಜಾಗಿ ಕಟ್ಟಿಕೊಳ್ಳುತ್ತದೆ. ಒಳನಾಡು ಹಗಲೆಲ್ಲ ಕಾದು ಅಲ್ಲಿಯ ಗಾಳಿ ಮೇಲಕ್ಕೇಳುತ್ತಲೂ ಕಡಲ ಮಂಜು ಕೊಲ್ಲಿಯ ಮೂಲಕ ಕಣಿವೆಯೊಳಕ್ಕೆ ನುಗ್ಗುತ್ತದೆ. ಹಗಲಿನ ಬಿಸಿಲು ಹಣ್ಣಿಗೆ ಸಿಹಿಯನ್ನು ಕೊಟ್ಟರೆ ಇರುಳಿನ ಈ ತಂಪು ಅದರ ಹುಳಿಯನ್ನು ಕಾಪಾಡುತ್ತದೆ. ಆದುದರಿಂದಲೇ ಕೊಲ್ಲಿಗೆ ಹತ್ತಿರವಾದ ದಕ್ಷಿಣದ ತುದಿ ತಂಪು, ಉತ್ತರದ ತುದಿ ಬಿಸಿ. ದಡದಲ್ಲಿ ನಿಂತು "ಮಂಜು ಮುಸುಕಿ ಏನೂ ಕಾಣಲಿಲ್ಲ" ಎಂದು ನಾವು ಬೇಸರಪಟ್ಟುಕೊಳ್ಳುತ್ತೇವಲ್ಲ, ಆ ಮಂಜೇ ಮುಂದಿನ ವಾರದ ದ್ರಾಕ್ಷಿ.

ನಾಪಾದ ಇತಿಹಾಸವನ್ನು ಹೇಳುವವರು 1976ರ ಪ್ಯಾರಿಸ್ ಸ್ಪರ್ಧೆಯನ್ನು ಮರೆಯದೆ ಹೇಳುತ್ತಾರೆ. ಫ್ರೆಂಚ್ ತಜ್ಞರೇ ಕಣ್ಣಿಗೆ ಹೆಸರು ಬೀಳದಂತೆ ರುಚಿ ನೋಡಿ ಕ್ಯಾಲಿಫೋರ್ನಿಯದ ದ್ರಾಕ್ಷಾರಸಕ್ಕೆ ಮೊದಲ ಸ್ಥಾನ ಕೊಟ್ಟರೆಂಬುದು ಆ ಕಥೆ. ಹೇಳಲಿ. ಆದರೆ ಬೆರಿಂಜರ್, ಶ್ರಾಮ್ಸ್‌ಬರ್ಗ್ ಮೊದಲಾದ ಹಳೆಯ ವೈನರಿಗಳ ಬೆಟ್ಟದೊಳಗಿನ ತಣ್ಣನೆಯ ನೆಲಮಾಳಿಗೆಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಗುದ್ದಲಿ ಹಿಡಿದು ಕೊರೆದವರು ಚೀನಾದಿಂದ ಬಂದ ಕೂಲಿಗಳು. ಆ ಗುದ್ದಲಿಗಳ ಕಾಲದಲ್ಲಿಯೇ, 1882ರಲ್ಲಿ, ಅವರ ನಾಡಿನಿಂದ ಇನ್ನು ಯಾವ ಕೂಲಿಯೂ ಬರಬಾರದೆಂದು ಅಮೆರಿಕ ಕಾನೂನು ಮಾಡಿತು. ಇನ್ನೊಂದು ಸಂಗತಿಯನ್ನು ಆ ನಾಡಿನ ಪರವಾಗಿಯೂ ಹೇಳಬೇಕು. 1968ರಲ್ಲಿ ನಾಪಾದ ಆಡಳಿತ ಕಣಿವೆಯ ನೆಲವನ್ನು ಕೃಷಿಗೆಂದೇ ಮೀಸಲಿಟ್ಟಿತು. ಜಮೀನನ್ನು ಸಣ್ಣ ಸಣ್ಣ ನಿವೇಶನಗಳಾಗಿ ಕತ್ತರಿಸಿ ಮಾರದಂತೆ ತಡೆಯಿತು. ಇಂದು ಪ್ರವಾಸಿಗೆ ಕಾಣುವ ಹಸುರು ಪ್ರಕೃತಿಯ ಕೊಡುಗೆಯಷ್ಟೇ ಅಲ್ಲ, ಆ ಒಂದು ತೀರ್ಮಾನದ ಕೊಡುಗೆ. ನಮ್ಮ ನಗರಗಳ ಅಂಚಿನ ತೋಟಗಳಿಗೆ ಆದುದನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ನಮ್ಮ ಹಿರಿಯರಲ್ಲಿ ಅನೇಕರು ಅಲ್ಲಿ ರಸವನ್ನು ಮುಟ್ಟುವವರಲ್ಲ. ಮಕ್ಕಳು ಒಳಗೆ ಗಾಜಿನ ಬಟ್ಟಲನ್ನು ತಿರುಗಿಸಿ ಮೂಸುತ್ತಿರುವಾಗ ಅವರು ಹೊರಗಣ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಾರೆ. ನನ್ನ ತಾಯಿಯೂ ಹಾಗೆಯೇ ಕುಳಿತಿದ್ದರು. ತೋಟದ ಕಡೆ ನೋಡುತ್ತ, "ಇಷ್ಟು ದೊಡ್ಡ ತೋಟ, ಒಂದಾದರೂ ಆಳು ಕಾಣದಲ್ಲ, ಯಾರೋ ಇದನ್ನು ಕೀಳುವವರು?" ಎಂದರು. ಆಗ ಸುಗ್ಗಿಯ ಕಾಲ. ನನಗೂ ತಿಳಿದಿರಲಿಲ್ಲ, ಭಾವನವರು ವಿಚಾರಿಸಿ ಹೇಳಿದರು. ಕೊಯ್ಲು ನಡೆಯುವುದು ಬಹುಮಟ್ಟಿಗೆ ರಾತ್ರಿ. ಹಣ್ಣು ತಣ್ಣಗಿರುವಾಗಲೇ ಕಿತ್ತರೆ ಅದು ಕೆಡದು, ಹುದುಗು ಹೊತ್ತಿಗೆ ಮುಂಚೆ ಏಳದು. ನೆತ್ತಿಗೆ ದೀಪ ಕಟ್ಟಿಕೊಂಡು, ಬಾಗಿದ ಚೂರಿಯನ್ನು ಹಿಡಿದು, ಸಾಲಿನಿಂದ ಸಾಲಿಗೆ ಓಡುನಡಿಗೆಯಲ್ಲಿ ಗೊಂಚಲು ಕತ್ತರಿಸುತ್ತಾರೆ. ಅವರಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದವರು. ಪ್ರವಾಸಿಯ ಮೋಟಾರು ಹತ್ತು ಗಂಟೆಗೆ ಕಣಿವೆಯನ್ನು ಪ್ರವೇಶಿಸುವ ವೇಳೆಗೆ ಅವರು ಮನೆಗೆ ಹೋಗಿ ಮಲಗಿರುತ್ತಾರೆ. ದೃಶ್ಯದಲ್ಲಿ ಮನುಷ್ಯರಿಲ್ಲದಿರುವುದು ಅಕಸ್ಮಾತ್ತಲ್ಲ. ನಾವು ಹೋಗುವ ಹೊತ್ತೇ ಅಂಥದು.

ಸಾಹಿತ್ಯದ ವಿದ್ಯಾರ್ಥಿಗಳು ಈ ಸೀಮೆಯನ್ನು ಜಾನ್ ಸ್ಟೈನ್‌ಬೆಕ್‌ನಿಂದ ಬಲ್ಲರು. ಅವನು ಹುಟ್ಟಿದ ಸಲೀನಸ್, ಕಡಲ ದಾರಿಯಿಂದ ಬೆಟ್ಟ ದಾಟಿದರೆ ಸಿಗುವ ಕಣಿವೆ. 1939ರ ಅವನ ಕಾದಂಬರಿ 'ದಿ ಗ್ರೇಪ್ಸ್ ಆಫ್ ರಾತ್' ಕೂಡ ಒಂದು ದೀರ್ಘವಾದ ಮೋಟಾರುಯಾನದ ಕಥೆಯೇ. ಆದರೆ ಅದರಲ್ಲಿ ಮೋಟಾರು ಏರಿದವರು ಬರದಿಂದಲೂ ಸಾಲದಿಂದಲೂ ನೆಲ ಕಳೆದುಕೊಂಡವರು. ಪುಸ್ತಕ ಬಂದು ಕಾಲು ಶತಮಾನವಾದ ಮೇಲೆ, 1965ರ ಸೆಪ್ಟೆಂಬರಿನಲ್ಲಿ, ಡೆಲಾನೊ ಎಂಬಲ್ಲಿ ಫಿಲಿಪೀನ್ಸ್ ಮೂಲದ ದ್ರಾಕ್ಷಿಯ ಕೂಲಿಗಳು ಲ್ಯಾರಿ ಇಟ್ಲಿಯಾಂಗ್‌ನ ಮುಂದಾಳುತನದಲ್ಲಿ ಕೆಲಸ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಸೀಸರ್ ಚಾವೆಜ್‌ನ ಮೆಕ್ಸಿಕನ್ ಕೂಲಿಗಳು ಅವರನ್ನು ಕೂಡಿಕೊಂಡರು. ಮರುವರ್ಷದ ಮಾರ್ಚ್ 17ರಂದು ಅವರು ಡೆಲಾನೊದಿಂದ ರಾಜಧಾನಿ ಸ್ಯಾಕ್ರಮೆಂಟೊಗೆ ಕಾಲ್ನಡಿಗೆಯಲ್ಲಿ ಹೊರಟರು. ಮೋಟಾರಿನಲ್ಲಿ ನಾಲ್ಕು ಗಂಟೆಯ ದಾರಿ. ಊರೂರುಗಳನ್ನು ಹಾಯ್ದು, ಸುಮಾರು 300 ಮೈಲಿ ನಡೆದು, ಅವರು ತಲಪಿದ್ದು ಏಪ್ರಿಲ್ 10ರಂದು, ಈಸ್ಟರ್ ಹಬ್ಬದ ಭಾನುವಾರ. ದಾರಿಯಲ್ಲಿರುವಾಗಲೇ ಒಂದು ದೊಡ್ಡ ಸಂಸ್ಥೆ ಅವರ ಸಂಘವನ್ನು ಮಾನ್ಯಮಾಡಲು ಒಪ್ಪಿತು. ಮುಷ್ಕರ ಪೂರ್ತಿ ಮುಗಿಯಲು 1970 ಆಗಬೇಕಾಯಿತು. ಕ್ಯಾಲಿಫೋರ್ನಿಯದ ರಸ್ತೆಗಳ ಮೇಲೆ ಕೈಗೊಂಡ ಪ್ರಯಾಣಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನರಿಯೆ.

ಪ್ರವಾಸಕ್ಕೆ ಹೋದವರೆಲ್ಲ ಇತಿಹಾಸವನ್ನು ಹೊತ್ತು ತಿರುಗಬೇಕೆಂದು ನನ್ನ ವಾದವಲ್ಲ. ರಜೆ ರಜೆಯೇ. ಆದರೆ ಬರೆಯಲು ಕುಳಿತವನ ಮಾತು ಬೇರೆ. ನಮ್ಮಲ್ಲಿ ಪ್ರವಾಸಸಾಹಿತ್ಯ ಬಡವಾಗಿಲ್ಲ. ಕಾರಂತರು 'ಅಬೂವಿನಿಂದ ಬರಾಮಕ್ಕೆ' ಬರೆದರು, 'ಅಪೂರ್ವ ಪಶ್ಚಿಮ' ಬರೆದರು. ಗೊರೂರರ 'ಅಮೆರಿಕದಲ್ಲಿ ಗೊರೂರು' 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಆ ಪುಸ್ತಕವನ್ನು ಓದಿದವರಿಗೆ ನೆನಪಿನಲ್ಲಿ ಉಳಿಯುವುದು ಕಟ್ಟಡಗಳ ಎತ್ತರವಲ್ಲ. ಹೇಮಾವತಿಯ ತೀರದ ಹಿರಿಯರೊಬ್ಬರು ಎದುರು ಬಂದವರನ್ನೆಲ್ಲ ಮಾತಿಗೆಳೆಯುವ ಪರಿ. ಅವರಿಗೆ ಸಮಯವಿತ್ತು; ನಮಗೆ ಫೋನಿನ ತೆರೆ ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆ, ಅಲ್ಲಿ ನಿಲ್ಲುತ್ತೇವೆ, ಹತ್ತು ನಿಮಿಷ.

ನನ್ನ ಹಳೆಯ ಲೇಖನವನ್ನು ಈಗ ಮತ್ತೆ ಬರೆಯತೊಡಗಿದ್ದೇನೆ. ವೈದ್ಯನ ಗಾಡಿ ಬಂದಿದೆ, 35 ಸೆಂಟಿನ ಕೂಲಿ ಬಂದಿದೆ, ನನ್ನ ತಾಯಿ ಕೇಳಿದ ಪ್ರಶ್ನೆಗೆ ಒಂದು ಪುಟವೇ ಮೀಸಲಾಗಿದೆ. ಒಂಬತ್ತು 'ಮನೋಹರ'ಗಳಲ್ಲಿ ಎಂಟನ್ನು ಹೊಡೆದುಹಾಕಿದ್ದೇನೆ. ಬಿಕ್ಸ್‌ಬಿ ಸೇತುವೆಯ ಬಳಿಯದೊಂದನ್ನು ತೆಗೆಯಲು ಕೈ ಬರಲಿಲ್ಲ.