‘ನಿಮ್ಮ ಹಣ ಸುರಕ್ಷಿತ’ ಅಂದರೆ ಸಾಕೇ?

2025ರ ಮೇ 1ರಿಂದ ನಮ್ಮ ರಾಜ್ಯದಲ್ಲಿ ಗ್ರಾಮೀಣ ಬ್ಯಾಂಕ್ ಇರುವುದು ಒಂದೇ. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ ಅಂದು ಒಂದಾದವು. ಹೊಸ ಬ್ಯಾಂಕಿನ ಹೆಸರು ಕರ್ನಾಟಕ ಗ್ರಾಮೀಣ ಬ್ಯಾಂಕ್, ಕೇಂದ್ರ ಕಚೇರಿ ಬಳ್ಳಾರಿ. ಕಾಗದದ ಮೇಲೆ ಇದು ಇಬ್ಬರು ಸಮಾನರ ಕೂಡುವಿಕೆ. ಆದರೆ ನಮ್ಮ ಹಾವೇರಿ ಕಡೆಯ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಕೇಳಿದರೆ ಕಥೆ ಬೇರೆ. ‘ಧಾರವಾಡ ಬ್ಯಾಂಕು ಬಳ್ಳಾರಿಗೆ ಹೋತಂತ ತಮ್ಮಾ, ನಮ್ಮ ರೊಕ್ಕಾನೂ ಹೋಗ್ತೈತೇನು?’ ಎಂದು ಒಬ್ಬ ಅಜ್ಜ ನನ್ನನ್ನು ಕೇಳಿದರು. ನಾನು ಎಂ.ಕಾಂ. ಓದುವವನು, ಜತೆಗೆ ಬ್ಯಾಂಕ್ ಪರೀಕ್ಷೆಗೆ ತಯಾರಿ ನಡೆಸುವವನು. ಊರಲ್ಲಿ ಇಂಥ ಪ್ರಶ್ನೆಗಳೆಲ್ಲ ನನ್ನ ಕಡೆಗೇ ಬರುತ್ತವೆ.

ಇದು ನಮ್ಮ ರಾಜ್ಯದ ಸುದ್ದಿ ಮಾತ್ರ ಅಲ್ಲ. ‘ಒಂದು ರಾಜ್ಯ, ಒಂದು ಗ್ರಾಮೀಣ ಬ್ಯಾಂಕ್’ ಎಂಬ ಕೇಂದ್ರದ ನೀತಿಯಂತೆ ಅದೇ ದಿನ 10 ರಾಜ್ಯ ಮತ್ತು ಒಂದು ಕೇಂದ್ರಾಡಳಿತ ಪ್ರದೇಶದ 26 ಗ್ರಾಮೀಣ ಬ್ಯಾಂಕುಗಳು 11 ಆದವು. ದೇಶದಲ್ಲಿ 43 ಇದ್ದದ್ದು 28ಕ್ಕೆ ಇಳಿಯಿತು. 2005ರ ಹೊತ್ತಿಗೆ ಇಂಥ ಬ್ಯಾಂಕುಗಳು 196 ಇದ್ದವು. ಸಣ್ಣ ಬ್ಯಾಂಕುಗಳಿಗೆ ಬಂಡವಾಳ ಸಾಲದು, ತಂತ್ರಜ್ಞಾನದ ಖರ್ಚು ಹೊರೆಯಾಗುತ್ತದೆ, ಒಂದೇ ಕೆಲಸಕ್ಕೆ ಎರಡು ಕಡೆ ಕಚೇರಿ ಯಾಕೆ ಎಂಬುದು ಸರ್ಕಾರದ ವಾದ. ಅದರಲ್ಲಿ ಹುರುಳಿದೆ. ನಮ್ಮ ಎರಡು ಬ್ಯಾಂಕುಗಳ ವಿಷಯದಲ್ಲಿ ಇನ್ನೊಂದು ಅನುಕೂಲವೂ ಇತ್ತು. ಧಾರವಾಡದ ಬ್ಯಾಂಕಿಗೆ ಪ್ರಾಯೋಜಕ ಬ್ಯಾಂಕ್ ಆಗಿದ್ದ ಸಿಂಡಿಕೇಟ್ ಬ್ಯಾಂಕ್ 2020ರಲ್ಲೇ ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿತ್ತು. ಹಾಗಾಗಿ ಎರಡಕ್ಕೂ ಪ್ರಾಯೋಜಕ ಬ್ಯಾಂಕ್ ಒಂದೇ ಆಗಿತ್ತು.

ನನ್ನ ತಕರಾರು ವಿಲೀನದ ಬಗ್ಗೆ ಅಲ್ಲ, ವಿಲೀನದ ಹೊತ್ತಿನಲ್ಲಿ ಆಡುವ ಸಮಾಧಾನದ ಮಾತಿನ ಬಗ್ಗೆ. ಯಾವ ಬ್ಯಾಂಕ್ ಯಾವ ಬ್ಯಾಂಕಿನಲ್ಲಿ ಸೇರಿದರೂ ಗೋಡೆಗೆ ಅಂಟಿಸುವ ನೋಟಿಸು ಹೆಚ್ಚುಕಡಿಮೆ ಒಂದೇ ಬಗೆಯದು: ಗ್ರಾಹಕರು ಆತಂಕಪಡಬೇಕಿಲ್ಲ, ನಿಮ್ಮ ಹಣ ಸುರಕ್ಷಿತ, ಸೇವೆ ಎಂದಿನಂತೆ. ಮೂರೂ ಮಾತು ನಿಜವೇ ಇರಬಹುದು. ಆದರೆ ಅವು ಜನ ಕೇಳುತ್ತಿರುವ ಪ್ರಶ್ನೆಗೆ ಉತ್ತರವಲ್ಲ. ಗ್ರಾಮೀಣ ಬ್ಯಾಂಕಿನಲ್ಲಿ ಕೇಂದ್ರ ಸರ್ಕಾರದ ಪಾಲು ಶೇ 50, ಪ್ರಾಯೋಜಕ ಬ್ಯಾಂಕಿನದು ಶೇ 35, ರಾಜ್ಯ ಸರ್ಕಾರದ್ದು ಶೇ 15. ಅದು ಮುಳುಗುತ್ತದೆ ಎಂದು ನಮ್ಮೂರಲ್ಲಿ ಯಾರೂ ಹೆದರಿಲ್ಲ. ಆ ಅಜ್ಜನ ಪ್ರಶ್ನೆಯನ್ನು ಬಿಡಿಸಿ ನೋಡಿದರೆ ಒಳಗೆ ಬೇರೆಯೇ ಪ್ರಶ್ನೆಗಳಿವೆ. ಬೆಳೆ ಸಾಲ ನವೀಕರಣಕ್ಕೆ ಇದೇ ಶಾಖೆಗೆ ಬರಬೇಕೋ, ತಾಲ್ಲೂಕಿಗೆ ಹೋಗಬೇಕೋ? ಪಾಸ್‌ಬುಕ್ಕಿನ ನಂಬರು ಬದಲಾದರೆ ಪಿಂಚಣಿ ಎಲ್ಲಿಗೆ ಬರುತ್ತದೆ? ನನ್ನ ಹೊಲ ಯಾವುದು, ಮಗ ಯಾರು ಎಂದು ಗೊತ್ತಿರುವ ಈ ಮ್ಯಾನೇಜರ್ ಸಾಹೇಬರು ಇರುತ್ತಾರೋ, ಹೋಗುತ್ತಾರೋ?

ಅಂದಹಾಗೆ, ನಮ್ಮಲ್ಲಿ ಹಿರಿಯರು ಇಂದಿಗೂ ‘ಮಲಪ್ರಭಾ ಬ್ಯಾಂಕು’ ಎಂದೇ ಹೇಳುತ್ತಾರೆ. ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲೇ ಬಿಜಾಪುರ, ವರದಾ, ನೇತ್ರಾವತಿ ಗ್ರಾಮೀಣ ಬ್ಯಾಂಕುಗಳ ಜತೆ ಸೇರಿ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. ಆಚೆ ಕಡೆ ತುಂಗಭದ್ರಾ, ಕೃಷ್ಣಾ, ಕಾವೇರಿ ಹೆಸರಿನ ಬ್ಯಾಂಕುಗಳೂ ಒಂದೊಂದಾಗಿ ಒಂದರೊಳಗೊಂದು ಸೇರಿದವು. ನಾಡಿನ ಅರ್ಧ ನದಿಗಳು ಬೋರ್ಡುಗಳಿಂದ ಇಳಿದುಹೋದವು ಎನ್ನಬೇಕು! ಇಪ್ಪತ್ತು ವರ್ಷವಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ ಎಂದರೆ, ವಿಲೀನ ಜನರ ತಲೆಗೆ ಇಳಿಯಲು ಗೆಜೆಟ್‌ಗಿಂತ ಬಹಳ ನಿಧಾನ.

ಜನರಿಗೆ ಮೊದಲು ಹೇಳಬೇಕಾದದ್ದು ಇದು: ವಿಲೀನದ ದಿನ ಬೇರೆ, ನಿಮ್ಮ ಖಾತೆಯಲ್ಲಿ ಬದಲಾವಣೆ ಆಗುವ ದಿನ ಬೇರೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಆದರೆ ಅದರ ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳು ರದ್ದಾದದ್ದು 2021ರ ಮಾರ್ಚ್ 1ರಿಂದ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ಸೇರಿತು. ಕೋಡ್ ಬದಲಾದದ್ದು 2021ರ ಜುಲೈ 1ರಿಂದ. ಅಂದರೆ ಒಂದು ಕಡೆ ಸುಮಾರು ಎರಡು ವರ್ಷ, ಇನ್ನೊಂದು ಕಡೆ ಹದಿನೈದು ತಿಂಗಳು. ವಿಲೀನದ ದಿನ ಬ್ಯಾಂಕಿಗೆ ಓಡಿದವರಿಗೆ ‘ಏನೂ ಬದಲಾಗಿಲ್ಲ’ ಎಂಬ ಉತ್ತರ ಸಿಕ್ಕಿತು, ಅದು ಸರಿಯಾದ ಉತ್ತರವೇ. ತೊಂದರೆ ಏನೆಂದರೆ ಅದನ್ನು ಕೇಳಿ ಮನೆಗೆ ಹೋದವರು ಅದೇ ಕೊನೆಯ ಮಾತು ಎಂದುಕೊಂಡುಬಿಡುತ್ತಾರೆ. ನಿಜವಾಗಿ ಬದಲಾಗುವ ದಿನ ಬಂದಾಗ ನೋಟಿಸು ಓದುವವರೇ ಇರುವುದಿಲ್ಲ.

ಇದು ನಮ್ಮ ಮನೆಯಲ್ಲೇ ಆಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಅಜ್ಜಿಯ ಖಾತೆ ಇದ್ದ ಒಂದು ಬ್ಯಾಂಕ್ (ಹೆಸರು ಬೇಡ) ಇನ್ನೊಂದರಲ್ಲಿ ಸೇರಿತು. ಅಜ್ಜಿಗೆ ‘ನೀವೇನೂ ಮಾಡಬೇಕಾಗಿಲ್ಲ’ ಎಂದಿದ್ದರು. ಮುಂದೊಂದು ದಿನ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿತು. ಬ್ಯಾಂಕಿನವರು ನಾಡಕಚೇರಿಗೆ ಹೋಗಿ ಅಂದರು, ನಾಡಕಚೇರಿಯವರು ಬ್ಯಾಂಕಿಗೆ ಹೋಗಿ ಅಂದರು. ಆಮೇಲೆ ದುಡ್ಡು ಒಟ್ಟಿಗೇ ಬಂತು, ಒಂದು ಪೈಸೆಯೂ ಹೋಗಲಿಲ್ಲ. ಹಾಗಾಗಿ ‘ನಿಮ್ಮ ಹಣ ಸುರಕ್ಷಿತ’ ಎಂಬ ಮಾತು ಸುಳ್ಳಾಗಲಿಲ್ಲ. ಆದರೆ ಆ ಎರಡು ತಿಂಗಳು ಬಿಪಿ ಮಾತ್ರೆಗೆ ಅಜ್ಜಿ ನಮ್ಮ ಅಪ್ಪನ ಮುಂದೆ ಕೈ ಚಾಚಬೇಕಾಯಿತಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಾಕುವುದು?

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಲೇಬೇಕು. ಗೃಹಲಕ್ಷ್ಮಿಯ 2,000 ರೂಪಾಯಿಯಂಥ ನೇರ ವರ್ಗಾವಣೆಯ ಹಣ ಸಾಮಾನ್ಯವಾಗಿ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ನೋಡಿ ಬರುತ್ತದೆ. ಒಬ್ಬರ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ಪಟ್ಟಿ ರಾಷ್ಟ್ರೀಯ ಪಾವತಿ ನಿಗಮದ ಬಳಿ ಇರುತ್ತದೆ. ಬ್ಯಾಂಕುಗಳು ಒಂದಾದಾಗ ಆ ಪಟ್ಟಿಯಲ್ಲೂ ಹಳೆಯ ಬ್ಯಾಂಕಿನ ಜಾಗಕ್ಕೆ ಹೊಸದು ಬರಬೇಕು. ಆದರೆ ಸಾಲದ ಕಂತು, ವಿಮೆಯ ಕಂತು, ಹಾಲಿನ ಡೇರಿಯ ಬಟವಾಡೆ ಇವೆಲ್ಲ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ನೋಡಿ ನಡೆಯುವಂಥವು. ಒಂದು ತಾನಾಗಿ ಬದಲಾಗುತ್ತದೆ, ಇನ್ನೊಂದನ್ನು ನಾವೇ ಹೋಗಿ ಬರೆಸಬೇಕಾಗಬಹುದು. ಯಾವುದು ತಾನಾಗಿ, ಯಾವುದು ನಾವು, ಯಾವ ತಾರೀಖಿನೊಳಗೆ, ಹಳೆಯ ಚೆಕ್ಕು ಎಲ್ಲಿಯವರೆಗೆ ನಡೆಯುತ್ತದೆ? ಈ ನಾಲ್ಕು ಸಾಲು ದೊಡ್ಡ ಅಕ್ಷರದ ಕನ್ನಡದಲ್ಲಿ ಶಾಖೆಯ ಬಾಗಿಲಲ್ಲಿದ್ದರೆ ‘ಆತಂಕಪಡಬೇಕಿಲ್ಲ’ ಎಂದು ಬೇರೆ ಬರೆಯಬೇಕಾಗಿಲ್ಲ. ಸ್ವಸಹಾಯ ಸಂಘದ ಸಭೆಯಲ್ಲಿ ಯಾರಾದರೂ ಹತ್ತು ನಿಮಿಷ ಇದನ್ನು ಬಾಯಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಆಮೇಲೂ ತೊಂದರೆಯಾಗಿ, ಬ್ಯಾಂಕಿಗೆ ಬರೆದುಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಗ್ರಾಮೀಣ ಬ್ಯಾಂಕುಗಳೂ ಅದರ ವ್ಯಾಪ್ತಿಯಲ್ಲಿವೆ, ಖರ್ಚಿಲ್ಲ.

ಇನ್ನು ಸಿಬ್ಬಂದಿ. ನನ್ನ ಸೋದರಮಾವ ಹಿಂದೆ ವಿಲೀನವಾದ ಒಂದು ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದವರು. ಆ ದಿನಗಳ ಬಗ್ಗೆ ಅವರು ಹೇಳುವುದು ಒಂದೇ ಮಾತು: ‘ಮಂದಿ ಕೌಂಟರ್‌ಗೆ ಬಂದು ನಮ್ಮನ್ನ ಕೇಳ್ತಿದ್ರು. ನಾವು ಬೆಳಿಗ್ಗೆ ಪೇಪರ್ ಓದಿ ತಿಳ್ಕೊಂಡಿದ್ದನ್ನ ಮಧ್ಯಾಹ್ನ ಅವರಿಗೆ ಹೇಳ್ತಿದ್ವಿ.’ ನನಗೆ ಇಡೀ ವಿಷಯದ ಗಂಟು ಇಲ್ಲೇ ಇದೆ ಅನ್ನಿಸುತ್ತದೆ. ಹಳ್ಳಿಯ ಗ್ರಾಹಕ ನೋಟಿಸು ಓದುವುದಿಲ್ಲ, ಕ್ಯಾಷಿಯರ್ ಮುಖ ಓದುತ್ತಾನೆ. ಆ ಕ್ಯಾಷಿಯರ್‌ಗೆ ಮುಂದಿನ ತಿಂಗಳು ತಾನು ಎಲ್ಲಿರುತ್ತೇನೆ ಎಂಬುದೇ ಗೊತ್ತಿಲ್ಲದಿದ್ದರೆ ಯಾವ ಸಮಾಧಾನವನ್ನು ಹಂಚಬೇಕು? ಆಡಳಿತ ಮಂಡಳಿಗಳು ಗ್ರಾಹಕರಿಗೆ ಮೊದಲು ಜಾಹೀರಾತು ಕೊಡುತ್ತವೆ, ಸಿಬ್ಬಂದಿಗೆ ಆಮೇಲೆ ಸುತ್ತೋಲೆ ಕಳಿಸುತ್ತವೆ. ಈ ಕ್ರಮ ತಿರುಗಬೇಕು.

ಸಿಬ್ಬಂದಿಗೆ ಹೇಳುವ ಸಮಾಧಾನವೂ ಒಂದೇ ಸಾಲಿನದು: ಯಾರೂ ಕೆಲಸ ಕಳೆದುಕೊಳ್ಳುವುದಿಲ್ಲ. 2019ರಲ್ಲಿ ಸರ್ಕಾರಿ ಬ್ಯಾಂಕುಗಳ ವಿಲೀನ ಪ್ರಕಟಿಸಿದಾಗ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೂಡ ಹಾಗೆಯೇ ಭರವಸೆ ಕೊಟ್ಟಿದ್ದರು. ಗ್ರಾಮೀಣ ಬ್ಯಾಂಕುಗಳ ಮಟ್ಟಿಗೆ ಇದಕ್ಕೆ ಕಾನೂನಿನ ಬಲವೂ ಇದೆ. 1976ರ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಕಾಯ್ದೆಯ 23ಎ ಕಲಂ ಪ್ರಕಾರ ಹೊರಡಿಸುವ ವಿಲೀನದ ಅಧಿಸೂಚನೆಯಲ್ಲೇ ನೌಕರರು ಅದೇ ಸಂಬಳ, ಅದೇ ಷರತ್ತುಗಳೊಂದಿಗೆ ಮುಂದುವರಿಯಲು ಅವಕಾಶ ಕಲ್ಪಿಸಬಹುದು. ಸರಿ, ಕೆಲಸ ಹೋಗುವುದಿಲ್ಲ. ಆದರೆ ಕೆಲಸ ಎಲ್ಲಿ?

ನಕ್ಷೆ ನೋಡಿದರೆ ತಿಳಿಯುತ್ತದೆ. ವಿಕಾಸ ಬ್ಯಾಂಕಿನ ವ್ಯಾಪ್ತಿ 9 ಜಿಲ್ಲೆ: ಧಾರವಾಡ, ಗದಗ, ಹಾವೇರಿ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಮತ್ತು ಕರಾವಳಿಯ ಮೂರು. ಉಳಿದ 22 ಜಿಲ್ಲೆ ಬಳ್ಳಾರಿಯ ಬ್ಯಾಂಕಿನದು. ಹಾವೇರಿಯ ಅಧಿಕಾರಿಯೊಬ್ಬರ ವರ್ಗಾವಣೆ ಮೊದಲು ದೂರ ಅಂದರೆ ಮಂಗಳೂರು, ವಿಜಯಪುರ. ಈಗ ಕಾರ್ಯವ್ಯಾಪ್ತಿ 31 ಜಿಲ್ಲೆ, 1,700ಕ್ಕೂ ಹೆಚ್ಚು ಶಾಖೆ. ಬೀದರ್ ಕೂಡ ಅದೇ ಬ್ಯಾಂಕ್, ಚಾಮರಾಜನಗರವೂ ಅದೇ ಬ್ಯಾಂಕ್. ಶಾಲೆಗೆ ಹೋಗುವ ಮಕ್ಕಳು, ಹಾಸಿಗೆ ಹಿಡಿದ ತಂದೆ ಇರುವ ಮನೆಯಲ್ಲಿ ‘ಕೆಲಸ ಹೋಗಲ್ಲ’ ಎಂಬ ಮಾತಿನಿಂದ ನಿದ್ದೆ ಬರುವುದಿಲ್ಲ. ಜತೆಗೆ ಜ್ಯೇಷ್ಠತೆಯ ಪ್ರಶ್ನೆ. ಎರಡು ಬ್ಯಾಂಕುಗಳಲ್ಲಿ ಬಡ್ತಿಯ ವೇಗ ಬೇರೆ ಬೇರೆ ಇದ್ದಿದ್ದರೆ ಒಂದೇ ವರ್ಷ ಸೇರಿದ ಇಬ್ಬರಲ್ಲಿ ಪಟ್ಟಿಯಲ್ಲಿ ಮೇಲೆ ಯಾರು? ಧಾರವಾಡದ ಕೇಂದ್ರ ಕಚೇರಿಯಲ್ಲಿ ಇದ್ದವರು ಎಲ್ಲಿ ಕೂರುತ್ತಾರೆ? ಇವು ಅಹಿತಕರ ಪ್ರಶ್ನೆಗಳು. ಉತ್ತರವೂ ಕೆಲವರಿಗೆ ಅಹಿತಕರವೇ ಇರುತ್ತದೆ. ಹಾಗೆಂದು ಮುಚ್ಚಿಟ್ಟರೆ ಆ ಜಾಗವನ್ನು ವಾಟ್ಸ್‌ಆ್ಯಪ್ ಗಾಳಿಸುದ್ದಿ ತುಂಬುತ್ತದೆ. ಮೊದಲ ಎರಡು ವರ್ಷ ವರ್ಗಾವಣೆ ಹಳೆಯ ವ್ಯಾಪ್ತಿಯೊಳಗೇ, ಆಮೇಲೆ ಇಂಥ ನಿಯಮ ಎಂದು ಲಿಖಿತವಾಗಿ ಹೇಳಿದರೆ ಕೆಟ್ಟ ಸುದ್ದಿಯನ್ನೂ ಜನ ತಡೆದುಕೊಳ್ಳುತ್ತಾರೆ.

ಶಾಖೆ ಮುಚ್ಚುವ ಭಯದ ಬಗ್ಗೆ ಮಾತ್ರ ಧೈರ್ಯ ಹೇಳಬಹುದು. ಉಡುಪಿ–ಮಂಗಳೂರು ಕಡೆ ಸಿಂಡಿಕೇಟ್ ಮತ್ತು ಕೆನರಾ ಎರಡೂ ಅಲ್ಲೇ ಹುಟ್ಟಿ ಬೆಳೆದ ಬ್ಯಾಂಕುಗಳು. ಅಕ್ಕಪಕ್ಕದಲ್ಲೇ ಶಾಖೆಗಳಿದ್ದಾಗ ಎರಡೂ ಯಾಕೆ ಎಂಬ ಪ್ರಶ್ನೆ ಏಳುವುದು ಸಹಜ. ಗ್ರಾಮೀಣ ಬ್ಯಾಂಕುಗಳು ಜಿಲ್ಲೆಗಳನ್ನು ಹಂಚಿಕೊಂಡಿದ್ದವು. ಒಂದೇ ಊರಲ್ಲಿ ಎದುರುಬದುರು ಇದ್ದವಲ್ಲ. ಇಂಥ ಗಟ್ಟಿ ಕಾರಣ ಕೈಯಲ್ಲಿರುವಾಗ ಅದನ್ನು ಹೇಳದೆ ‘ಸೇವೆ ಎಂದಿನಂತೆ’ ಎನ್ನುವುದು ಯಾಕೋ!

ಎಲ್ಲ ವಿಲೀನವೂ ಇಷ್ಟು ಸೌಮ್ಯವಲ್ಲ. ಬೆಂಗಳೂರಿನ ನ್ಯಾಷನಲ್ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ 2023ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಠೇವಣಿದಾರರು 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. 2025ರ ಜನವರಿ 6ರಂದು ಅದು ಪುಣೆಯ ಕಾಸ್ಮೋಸ್ ಬ್ಯಾಂಕಿನಲ್ಲಿ ಸೇರಿತು. ಇಂಥ ಕಡೆ ವಿಲೀನವೇ ಸಮಾಧಾನ, ಅಲ್ಲಿ ಭಯ ಮೊದಲೇ ಬಂದು ಕೂತಿರುತ್ತದೆ. ಠೇವಣಿ ವಿಮೆಯ ಮಿತಿ ಅಸಲು, ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ. ಎರಡು ಬ್ಯಾಂಕಿನಲ್ಲಿ ಐದೈದು ಲಕ್ಷ ಇಟ್ಟವರಿಗೆ ಆ ಎರಡೂ ಒಂದಾದ ಮೇಲೆ ಸಿಗುವ ರಕ್ಷಣೆ ಒಂದೇ 5 ಲಕ್ಷಕ್ಕೆ. ಯಾವ ನೋಟಿಸಿನಲ್ಲೂ ಈ ಸಾಲು ನಾನು ನೋಡಿಲ್ಲ. ಗ್ರಾಹಕನನ್ನು ಸಮಾಧಾನ ಮಾಡುವವರು ಅವನು ತಿಳಿಯಲೇಬೇಕಾದದ್ದನ್ನು ಬಿಟ್ಟರೆ ಅದಕ್ಕೆ ಸಮಾಧಾನ ಎನ್ನಲಾಗದು, ಸಾಗಹಾಕುವುದು ಎನ್ನಬೇಕು.

ನನ್ನಂತೆ ಗ್ರಾಮೀಣ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರಿಗೆ ಇದರಲ್ಲಿ ಒಂದು ಸ್ವಂತ ಲೆಕ್ಕವೂ ಇದೆ. ಈ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲೂ ಬರೆಯಬಹುದು, ಆಯಾ ರಾಜ್ಯದ ಭಾಷೆ ಬರಬೇಕೆಂಬ ನಿಯಮವೂ ಇದೆ. ಅದರಿಂದಾಗಿ ಹಳ್ಳಿ ಹುಡುಗ-ಹುಡುಗಿಯರಿಗೆ ಇದು ದಕ್ಕುವ ಕೆಲಸ. ಮೊದಲು ಕರ್ನಾಟಕದಲ್ಲಿ ಎರಡು ಬ್ಯಾಂಕ್ ಇದ್ದವು, ಊರ ಹತ್ತಿರದ್ದು ಬೇಕು ಎನ್ನುವ ಆಸೆಗೆ ಜಾಗವಿತ್ತು. ಈಗ ಒಂದೇ. ಕಾರವಾರದ ನನ್ನ ಗೆಳತಿಯೊಬ್ಬಳ ಮನೆಯಲ್ಲಿ ‘ಕೆಲಸ ಸಿಕ್ಕರೂ ಬೀದರಿಗೆ ಹೇಗೆ ಕಳಿಸೋದು’ ಎಂಬ ಮಾತು ಅರ್ಜಿ ಹಾಕುವ ಮೊದಲೇ ಶುರುವಾಗಿದೆ. ಬಡ್ತಿಯ ಮೇಲಿನ ಮೆಟ್ಟಿಲುಗಳು ದೊಡ್ಡ ಬ್ಯಾಂಕಿನಲ್ಲಿ ಹೆಚ್ಚು ಇರಬಹುದು ಎಂದು ಅವಳು ಅಪ್ಪನಿಗೆ ವಾದಿಸುತ್ತಿದ್ದಾಳೆ. ಅವರು ಕೇಳುತ್ತಿರುವುದು ಮೊದಲ ಪೋಸ್ಟಿಂಗ್ ಎಲ್ಲಿ, ಎಷ್ಟು ವರ್ಷ ಎಂದು ಮಾತ್ರ.